ಡಾಕ್ಟ್ರು ಲೈನಲ್ಲಿ ಸಿಗ್ತಾರೆ

ಮಗಳ ಗದ್ದದ ಮೇಲೆ ಕೂದಲು ಬರಲು ಶುರುವಾದದ್ದು ಅವಳು ಕಾಲೇಜು ಮುಗಿಸಿದ ಮೇಲೆ. ಮೊದಲು ಒಂದೆರಡು ಇದ್ದವು, ಕತ್ತರಿಯಲ್ಲಿ ಕತ್ತರಿಸಿಕೊಳ್ಳುತ್ತಿದ್ದಳು. ಆಮೇಲೆ ಕಿವಿಯ ಕೆಳಗಿನಿಂದ ಗದ್ದದವರೆಗೆ ಹಬ್ಬಿದವು. ಮದ್ದೂರಿನ ನಮ್ಮ ಮನೆಯ ಹತ್ತಿರದ ಪಾರ್ಲರಿನಲ್ಲಿ ವಾರವಾರವೂ ದಾರ ಎಳೆಸಿಕೊಂಡು ಬರುತ್ತಿದ್ದಳು. ಬಂದ ದಿನ ಮುಖವೆಲ್ಲ ಕೆಂಪಗೆ ಊದಿರುತ್ತಿತ್ತು, ಊತ ಇಳಿಯುವಷ್ಟರಲ್ಲಿ ಕೂದಲು ಮತ್ತೆ ಹಾಜರು.

ಅವಳು ಇಲ್ಲೇ ಒಂದು ಸಣ್ಣ ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಪಾಠ ಹೇಳುತ್ತಾಳೆ. ಆ ವಯಸ್ಸಿನ ಮಕ್ಕಳಿಗೆ ಮುಚ್ಚುಮರೆ ಎಲ್ಲಿ ಗೊತ್ತು? ಒಂದು ಹೆಣ್ಣುಕೂಸು ಇವಳ ತೊಡೆ ಮೇಲೆ ಕೂತು, ಗದ್ದ ಸವರಿ, "ಮಿಸ್, ನಮ್ಮಪ್ಪನ್ ತರ ಚುಚ್ಚತದೆ" ಅಂದಿತಂತೆ. ಅವತ್ತು ಇವಳು ಊಟ ಮಾಡಲಿಲ್ಲ. ಲೇಸರ್ ಮಾಡಿಸುತ್ತೇನೆ, ದುಡ್ಡು ನನ್ನದೇ, ನೀನು ಜೊತೆಗೆ ಬಂದರೆ ಸಾಕು ಎಂದಳು. ಮದ್ದೂರಿನಲ್ಲಿ ಬೇಡ, ಗೊತ್ತಿರುವವರು ನೋಡುತ್ತಾರೆ, ಮಂಡ್ಯದಲ್ಲಿ ಮಾಡಿಸೋಣ ಎಂದಳು. ಮಂಡ್ಯದ ಬಸ್ಸಿನಲ್ಲಿ ನಮಗೆ ಗೊತ್ತಿರುವವರೇ ತುಂಬಿರುತ್ತಾರೆ ಎಂದು ನಾನು ಹೇಳಲು ಹೋಗಲಿಲ್ಲ.

ಕ್ಲಿನಿಕ್ಕು ದೊಡ್ಡ ರಸ್ತೆಯಲ್ಲಿ, ಒಂದು ಸ್ವೀಟ್ ಅಂಗಡಿಯ ಮಹಡಿ ಮೇಲೆ. ಮೆಟ್ಟಿಲಿನ ಬುಡದಲ್ಲಿ ಆಳೆತ್ತರದ ಬೋರ್ಡು. ಅದರಲ್ಲಿ ಕೈಕಟ್ಟಿಕೊಂಡು ನಗುತ್ತಿರುವ ಡಾಕ್ಟರು, ಕೆಳಗೆ ಅವರ ಹೆಸರು, ಹೆಸರಿಗಿಂತ ಉದ್ದವಾದ ಡಿಗ್ರಿಗಳ ಸಾಲು. ಮೇಲೆ ಹೋದರೆ ಮೆತ್ತನೆಯ ಸೋಫಾ, ಏಸಿ, ಒಂದು ಮೇಜು, ಮೇಜಿನ ಹಿಂದೆ ಲಿಪ್‌ಸ್ಟಿಕ್ಕಿನ ಹೆಂಗಸು. ಒಳಗಿಂದ ಬಿಳಿ ಕೋಟಿನ ಹುಡುಗಿಯೊಬ್ಬಳು ಬಂದು ಮಗಳ ಮುಖವನ್ನು ಬೆಳಕಿಗೆ ಹಿಡಿದು ನೋಡಿದಳು. ಆರು ಸಿಟ್ಟಿಂಗ್ ಬೇಕಾಗುತ್ತದೆ ಎಂದಳು. ನಾನು ಕೈ ಮುಗಿದು, ಸರಿ ಡಾಕ್ಟ್ರಮ್ಮ, ನೋವಾಗದ ಹಾಗೆ ಮಾಡಿ ಎಂದೆ.

ನಮ್ಮ ಕಡೆ ಇದೊಂದು ರೂಢಿ. ಬಿಳಿ ಕೋಟು ಹಾಕಿದವರೆಲ್ಲ ಡಾಕ್ಟರು. ಇಂಜೆಕ್ಷನ್ ಚುಚ್ಚುವ ನರ್ಸು ಡಾಕ್ಟ್ರಮ್ಮ, ರಕ್ತ ತೆಗೆಯುವ ಹುಡುಗ ಡಾಕ್ಟ್ರು, ಕೋಟೇ ಇಲ್ಲದ ಮೆಡಿಕಲ್ ಶಾಪಿನವನೂ ಡಾಕ್ಟ್ರೇ. ಮರ್ಯಾದೆಗೆ ಕರೆಯುತ್ತೇವೆ. ಕರೆದು ಕರೆದು, ಆಮೇಲೆ ನಾವೇ ಅದನ್ನು ನಂಬಿಕೊಂಡು ಕೂರುತ್ತೇವೆ.

ಮೊದಲ ಸಿಟ್ಟಿಂಗ್ ಆದ ದಿನ ಮಗಳು ಹೊರಗೆ ಬಂದು, ರಬ್ಬರ್‌ಬ್ಯಾಂಡಿನಲ್ಲಿ ಹೊಡೆದ ಹಾಗಾಯಿತು, ಒಂದು ಕಡೆ ಬಹಳ ಉರಿಯಿತು ಎಂದಳು. ಐಸ್ ಇಟ್ಟು ಕಳಿಸಿದ್ದರು. ಬೆಳಗಾಗುವಷ್ಟರಲ್ಲಿ ಎಡಗೆನ್ನೆಯ ಅಂಚಿನಲ್ಲಿ ಬೊಬ್ಬೆ ಎದ್ದಿತ್ತು. ಬೊಬ್ಬೆ ಒಡೆದು, ಹಕ್ಕಳೆ ಕಟ್ಟಿ, ಉದುರಿದ ಮೇಲೆ ಉಳಿದದ್ದು ನಾಲ್ಕು ಕಪ್ಪು ಗುರುತು. ಒಂದರ ಪಕ್ಕ ಒಂದು, ಚೌಕ ಚೌಕವಾಗಿ, ಯಂತ್ರದ ಮೂತಿ ಊರಿದಲ್ಲೆಲ್ಲ ಅಚ್ಚು ಒತ್ತಿದ ಹಾಗೆ. ಮಗಳು ಶಾಲೆಗೆ ರಜೆ ಹಾಕಿದಳು. ಕ್ಲಿನಿಕ್ಕಿಗೆ ಫೋನು ಮಾಡಿದರೆ ಮೇಜಿನ ಹೆಂಗಸು, ಅದೇನೂ ಇಲ್ಲ ಮೇಡಂ, ಎರಡನೇ ಸಿಟ್ಟಿಂಗ್‌ನಲ್ಲಿ ಅದೇ ಜಾಗಕ್ಕೆ ಕೊಟ್ಟರೆ ಲೆವೆಲ್ ಆಗಿಬಿಡುತ್ತೆ ಎಂದಳು. ಮಗಳು ನಂಬಿದಳು. ಸುಟ್ಟ ಚರ್ಮದ ಮೇಲೆ ಮತ್ತೆ ಬಿಸಿ ಇಟ್ಟರೆ ಅದು ಹೇಗೆ ಸರಿಹೋಗುತ್ತದೆ ಎನ್ನುವುದು ನನ್ನ ಮಂಡೆಗೆ ಹೋಗಲಿಲ್ಲ. ಡಾಕ್ಟರು ಕಣ್ಣಲ್ಲಿ ನೋಡಿ ಸೈ ಅನ್ನುವವರೆಗೆ ಎರಡನೇ ಸಲ ಮುಟ್ಟಿಸಕೂಡದು ಎಂದು ಪಟ್ಟು ಹಿಡಿದೆ.

ಇಬ್ಬರೂ ಹೋದೆವು. ಬಿಳಿ ಕೋಟಿನ ಹುಡುಗಿ ಎದುರಿಗೇ ಬಂದಳು. ನೋಡಿ ಡಾಕ್ಟ್ರಮ್ಮ, ಏನಾಗಿದೆ ಅಂದೆ. ಅವಳು ಮುಖ ಬಾಡಿಸಿಕೊಂಡು ಮೇಜಿನ ಕಡೆ ನೋಡಿದಳು. ಮೇಜಿನವಳು, ಡಾಕ್ಟ್ರು ಇವತ್ತು ಮೈಸೂರು, ಇವರು ನಮ್ಮ ಥೆರಪಿಸ್ಟು ಎಂದಳು. ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಹುಡುಗಿಯನ್ನೇ ಕೇಳಿದೆ, ನೀನು ಡಾಕ್ಟ್ರಲ್ವಾ ಅಂತ.

"ಅಲ್ಲ ಆಂಟಿ. ಎಲ್ರೂ ಅಂಗೇ ಕರೀತಾರೆ, ಯಾರ್ಯಾರ್‌ಗೆ ಅಂತ ಹೇಳ್ಲಿ?"

ಅವಳು ಹಲಗೂರಿನ ಹತ್ತಿರದ ಹಳ್ಳಿಯವಳು. ಬೆಳಗಿನ ಬಸ್ಸಿಗೆ ಮಳವಳ್ಳಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಮಂಡ್ಯಕ್ಕೆ ಬರುತ್ತಾಳೆ. ಮಷಿನ್ ಕಂಪನಿಯವರು ಬಂದು ಹೇಳಿಕೊಟ್ಟಿದ್ದರಂತೆ, ಯಾವ ಬಣ್ಣದ ಮುಖಕ್ಕೆ ಎಷ್ಟು ನಂಬರ್ ಅಂತ. ಅವಳ ಮೇಲೆ ಸಿಟ್ಟು ಮಾಡಲು ನನಗೆ ಮನಸ್ಸಾಗಲಿಲ್ಲ. ಆ ಸಿಟ್ಟನ್ನೆಲ್ಲ ಬೋರ್ಡಿನ ಮೇಲೆ ನಗುತ್ತಿರುವವರಿಗೆಂದು ಎತ್ತಿಟ್ಟುಕೊಂಡೆ.

ಗುರುವಾರ ಬನ್ನಿ, ಖಂಡಿತ ಇರುತ್ತಾರೆ ಎಂದರು. ಗುರುವಾರ ಹೋದರೆ ಡಾಕ್ಟರು ಮಳವಳ್ಳಿಯ ಬ್ರಾಂಚಿನಲ್ಲಿ. ಲೈನಲ್ಲಿ ಸಿಗ್ತಾರೆ ಮೇಡಂ ಎಂದು ಆ ಹೆಂಗಸು ವಿಡಿಯೋ ಕಾಲ್ ಹಚ್ಚಿ ಫೋನನ್ನು ಮಗಳ ಮುಖದ ಮುಂದೆ ಹಿಡಿದಳು. ಡಾಕ್ಟರು ಕಾರಿನಲ್ಲಿದ್ದರು. ಅವರ ಹಿಂದೆ ತೆಂಗಿನ ಮರಗಳು ಓಡುತ್ತಿದ್ದವು. ಬೆಳಕಿಗೆ ಬನ್ನಿ, ಇನ್ನೂ ಸ್ವಲ್ಪ, ಆ ಕೆನ್ನೆ ತೋರಿಸಿ ಎಂದರು. ಮಗಳು ಕಿಟಕಿಯ ಹತ್ತಿರ ಹೋಗಿ ಕತ್ತು ಹೊರಳಿಸಿ ನಿಂತಳು. ಅಷ್ಟರಲ್ಲಿ ಅವರ ಬಾಯಿ ತೆರೆದದ್ದು ತೆರೆದ ಹಾಗೇ ನಿಂತುಹೋಯಿತು, ಲೈನು ಕಡಿಯಿತು. ಮೇಜಿನವಳು ಫೋನು ಕೆಳಗಿಟ್ಟು, ಡಾಕ್ಟ್ರು ನೋಡಿದ್ರಲ್ಲ, ಸಿಟ್ಟಿಂಗ್ ತಗೋಬಹುದು ಎಂದಳು.

ನಾನು ಜಗಳದ ಹೆಂಗಸಲ್ಲ. ಆದರೂ ಬಾಯಿಗೆ ಬಂದುಬಿಟ್ಟಿತು. "ಅಂಗಾರೆ ಲೇಸರೂ ಲೈನಲ್ಲೇ ಒಡೀರವ್ವ. ನಾವು ಮನೇಲೇ ಕೂತ್ಕತೀವಿ."

ರೈಲಿನಲ್ಲಿ ಮಗಳು ಕಿಟಕಿಯ ಕಡೆ ತಿರುಗಿ ಕೂತಳು. ಹನಕೆರೆ ದಾಟಿದ ಮೇಲೆ, ಎಲ್ಲರ ಮುಂದೆ ನನ್ನ ಮಾನ ತೆಗೀತೀಯ, ಕಪ್ಪಾಗಿರೋದು ನನ್ನ ಮುಖ, ನಿಂದಲ್ಲ ಎಂದಳು. ಮನೆಯಲ್ಲಿ ಯಜಮಾನರದು ಬೇರೆ ರಾಗ. ಅವರ ಪ್ರಕಾರ ನಾನು ಸುಮ್ಮಸುಮ್ಮನೆ ಬಸ್ಸು ರೈಲಿಗೆ ಕಾಲು ಸವೆಸುತ್ತಿದ್ದೆ.

"ಮಿಷನ್ ಮಾಡೋ ಕೆಲ್ಸಕ್ಕೆ ಡಾಕ್ಟ್ರು ಯಾಕೆ ಕಣೆ? ಬೋರು ಕೊರೆಯೋನ್ ಪಕ್ಕ ಇಂಜಿನಿಯರ್ ಬಂದ್ ಕೂತಿರ್ತಾನಾ?"

"ಬೋರಲ್ಲಿ ನೀರ್ ಬರ್ದಿದ್ರೆ ಮುಚ್ಚಾಕಿ ಇನ್ನೊಂದ್ ಕಡೆ ಕೊರೀತೀರಿ. ಇವಳಿಗೆ ಇನ್ನೊಂದ್ ಮುಖ ಎಲ್ಲಿಂದ ತರಾನ?"

ಅವರು ಟೀವಿ ಸೌಂಡು ಜಾಸ್ತಿ ಮಾಡಿದರು. ದೊಡ್ಡಾಸ್ಪತ್ರೆಗೆ ತೋರಿಸೋಣ ಎಂದೆ. ಅಲ್ಲಿ ನಮ್ಮ ಬೀದಿಯ ಇಬ್ಬರು ಕೆಲಸಕ್ಕಿದ್ದಾರೆ, ನಾನು ಬರಲ್ಲ ಎಂದಳು ಮಗಳು. ಬೇಕಾದರೆ ಸೋಮವಾರ ಹೋಗಿ ಸಿಟ್ಟಿಂಗ್ ಮುಗಿಸಿಕೊಂಡೇ ಬರುತ್ತೇನೆ, ನೀನು ಬರುವುದೇ ಬೇಡ ಎಂದಳು. ಅವಳನ್ನು ತಡೆಯಲು ನನ್ನ ಹತ್ತಿರ ಉಳಿದಿದ್ದದ್ದು ಜೊತೆಗೆ ಹೋಗುವುದೊಂದೇ.

ಆ ಸೋಮವಾರ ಮಂಡ್ಯ ಮಾರ್ಕೆಟ್ಟಿನಲ್ಲಿ ಒಳ್ಳೆಯ ಅವರೆಕಾಯಿ ಬಂದಿತ್ತು. ಮೂಗಿಗೆ ಹಿಡಿದರೆ ಸೊಗಡು ಗಮ್ಮೆನ್ನುತ್ತಿತ್ತು. ಒಂದು ಚೀಲ ತುಂಬ ತೆಗೆದುಕೊಂಡೇ ಮಹಡಿ ಹತ್ತಿದೆ. ಡಾಕ್ಟರು ಇವತ್ತು ಬರುವುದು ಗೊತ್ತಿಲ್ಲ ಎಂದರು. ಬರುವವರೆಗೆ ಕೂತಿರುತ್ತೇವೆ ಎಂದೆ. ಮಗಳು ಹಲ್ಲು ಕಚ್ಚಿಕೊಂಡು ದೂರದ ಕುರ್ಚಿಗೆ ಹೋದಳು. ನಾನು ಸೋಫಾದಲ್ಲಿ ಕೂತೆ. ಸುಮ್ಮನೆ ಕೂರುವ ಅಭ್ಯಾಸ ನನಗಿಲ್ಲ. ಹೇಗೂ ಸಂಜೆ ಸಾರಿಗೆ ಬೇಕಲ್ಲ ಎಂದು ಚೀಲವನ್ನು ಪಕ್ಕಕ್ಕಿಟ್ಟು, ಊಟದ ಡಬ್ಬಿಯ ಮುಚ್ಚಳ ತೊಡೆ ಮೇಲೆ ಇಟ್ಟುಕೊಂಡು ಸುಲಿಯಲು ಶುರುಮಾಡಿದೆ. ಇದರಲ್ಲಿ ಯಾವ ಉಪಾಯವೂ ಇರಲಿಲ್ಲ. ಆಮೇಲೆ ಯಜಮಾನರು ಇದನ್ನು ನನ್ನ ಧರಣಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದು ಬೇರೆ ಮಾತು.

ಏಸಿಯ ತಣ್ಣನೆ ಗಾಳಿಗೆ ಸೊಗಡು ರೂಮೆಲ್ಲ ಹರಡಿತು. ಮೇಜಿನ ಹೆಂಗಸು ಮೂಗು ಮುರಿದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು, ಕೈತುಂಬ ಬಳೆ ಹಾಕಿಕೊಂಡವರು, ಚೀಲದೊಳಗೆ ಇಣುಕಿ, ಎಲ್ಲಿ ತೆಗೆದುಕೊಂಡಿರಿ, ಹೇಗೆ ಕೊಟ್ಟರು ಎಂದು ವಿಚಾರಿಸಿದರು. ಮಾತಾಡುತ್ತಲೇ ಒಂದು ಹಿಡಿ ಕಾಯಿ ತಮ್ಮ ಮಡಿಲಿಗೆ ಹಾಕಿಕೊಂಡು ಸುಲಿಯತೊಡಗಿದರು. ಅವರೆಕಾಯಿ ಸುಲಿಯುವವರ ಪಕ್ಕದಲ್ಲಿ ಕೈ ಕಟ್ಟಿ ಕೂರಬಲ್ಲ ಹೆಂಗಸು ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಸ್ವಲ್ಪ ಹೊತ್ತಿಗೆ ಎದುರಿಗಿದ್ದ ಕಾಲೇಜು ಹುಡುಗಿಯೂ ಅವಳ ಅಮ್ಮನೂ ಹತ್ತಿರಕ್ಕೆ ಸರಿದರು. ಕೈ ಆಡತೊಡಗಿದರೆ ಬಾಯಿ ಸುಮ್ಮನಿರುತ್ತದೆಯೇ? ಬಳೆಯವರು ಕೆನ್ನೆ ಮೇಲಿನ ಬಂಗಿನ ಕಲೆ ತೆಗೆಸಲು ಬಂದಿದ್ದರು. ನೀವು ಯಾತಕ್ಕೆ ಎಂದು ನನ್ನನ್ನು ಕೇಳಿದರು. ಡಾಕ್ಟರನ್ನು ನೋಡುವುದಕ್ಕೆ ಎಂದೆ.

"ಒಳಗವ್ರಲ್ಲ ಡಾಕ್ಟ್ರಮ್ಮ?"

"ಅವ್ರು ಡಾಕ್ಟ್ರಲ್ವಂತೆ ಕಣಮ್ಮ."

ಸುಲಿಯುತ್ತಿದ್ದ ಕೈಗಳೆಲ್ಲ ನಿಂತವು. ಬಳೆಯವರು ಮೂರು ಸಿಟ್ಟಿಂಗ್ ಮುಗಿಸಿದ್ದರು. ಅಷ್ಟು ದಿನವೂ ಡಾಕ್ಟ್ರಮ್ಮ ಡಾಕ್ಟ್ರಮ್ಮ ಎಂದೇ ಕರೆದಿದ್ದರು. ಮತ್ತೆ ಡಾಕ್ಟರು ಯಾರು ಎಂದರು. ಕೆಳಗೆ ಬೋರ್ಡಿನಲ್ಲಿದ್ದಾರೆ ಎಂದೆ. ಆಗ ದೂರದ ಕುರ್ಚಿಯಿಂದ ಮಗಳು ಎದ್ದು ಬಂದಳು. ನನ್ನ ಮೇಲೆ ರೇಗಲು ಬಂದಳೆಂದುಕೊಂಡೆ. ಅವಳು ಮುಖಕ್ಕೆ ಕಟ್ಟಿದ್ದ ವೇಲು ಬಿಚ್ಚಿ, ಎಡಗೆನ್ನೆಯನ್ನು ಅವರ ಕಡೆ ತಿರುಗಿಸಿ, ಇದು ಮೊದಲನೇ ಸಿಟ್ಟಿಂಗ್ ಎಂದಳು. ಅಷ್ಟೇ ಹೇಳಿದ್ದು. ಕಾಲೇಜು ಹುಡುಗಿ ಅಮ್ಮನ ಕೈ ಹಿಡಿದುಕೊಂಡಳು. ಬಳೆಯವರು ಮಡಿಲಿನ ಸಿಪ್ಪೆಯನ್ನು ಚೀಲಕ್ಕೆ ಕೊಡವಿ, ಮೇಜಿನ ಕಡೆ ತಿರುಗಿ, "ನಾನೂ ಡಾಕ್ಟ್ರು ಬಂದ್ ಮೇಲೇ ಒಳಕ್ ಓಯ್ತೀನಿ ಕಣಮ್ಮ, ಯೋಳ್ಬುಡು ಅವ್ರಿಗೆ" ಎಂದು ಮತ್ತೊಂದು ಹಿಡಿ ಕಾಯಿ ತೆಗೆದುಕೊಂಡರು.

ಮೇಜಿನವಳು ಫೋನು ಹಿಡಿದು ಒಳಗೆ ಹೋದಳು. ನಾವು ಕಾಯಿ ಮುಗಿಸಿ, ತಂದಿದ್ದ ಚಿತ್ರಾನ್ನ ಹಂಚಿಕೊಂಡು ತಿಂದು, ಇನ್ನೊಂದಿಷ್ಟು ಹೊತ್ತು ಕೂತಿದ್ದ ಮೇಲೆ ಡಾಕ್ಟರು ಬಂದರು. ಬೋರ್ಡಿನವರಿಗಿಂತ ಕೂದಲು ಕಡಿಮೆ, ಕಣ್ಣ ಕೆಳಗೆ ಕಪ್ಪು. ಮೊದಲು ನಮ್ಮನ್ನು ಕರೆದರು.

ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇದಕ್ಕೇ. ಅವರು ಕೆಲಸ ಗೊತ್ತಿಲ್ಲದ ಡಾಕ್ಟರಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಅವರು ಎಷ್ಟು ಚೆನ್ನಾಗಿ ನೋಡಿದರೆಂದರೆ! ಬೆಳಕಿನ ಭೂತಗನ್ನಡಿಯೊಂದನ್ನು ಕೆನ್ನೆಗೆ ಹಿಡಿದು, ಕಪ್ಪು ಗುರುತು ಬಿಟ್ಟು ಅದರ ಸುತ್ತಲ ಚರ್ಮವನ್ನು ನೋಡಿದರು. ಸಣ್ಣ ಕೆಂಪು ಎಳೆಗಳು ಕಾಣುತ್ತಿದ್ದವಂತೆ. ರಾತ್ರಿ ಮುಖಕ್ಕೆ ಏನು ಹಚ್ಚುತ್ತೀಯಮ್ಮ ಎಂದು ಕೇಳಿದರು. ಮಗಳು ಒಂದು ಕ್ರೀಮಿನ ಹೆಸರು ಹೇಳಿದಳು. ಮೆಡಿಕಲ್ ಶಾಪಿನವರು ಕೊಟ್ಟದ್ದು, ಮುಖ ಬೆಳ್ಳಗಾಗುತ್ತದೆ ಎಂದು ಅವಳ ಶಾಲೆಯ ಟೀಚರುಗಳೆಲ್ಲ ಹಚ್ಚುವುದು. ಎಷ್ಟು ದಿನದಿಂದ ಎಂದರು. ಒಂದು ವರ್ಷದ ಮೇಲಾಯಿತು ಎಂದಳು. ನನಗೇ ಗೊತ್ತಿರಲಿಲ್ಲ. ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ, ಚರ್ಮ ತೆಳುವಾಗಿ ಹೋಗಿದೆ ಎಂದರು. ಆಮೇಲೆ ತಿಂಗಳು ತಿಂಗಳು ಮುಟ್ಟು ಸರಿಯಾಗಿ ಆಗುತ್ತದೆಯೇ ಎಂದು ಕೇಳಿದರು. ಆಗುತ್ತಿರಲಿಲ್ಲ. ಹಾಗಾದರೆ ಈ ಕೂದಲಿನ ಮೂಲ ಬೇರೆ, ರಕ್ತ ಪರೀಕ್ಷೆ ಆಗಬೇಕು, ಹೆಂಗಸರ ಡಾಕ್ಟರಿಗೆ ತೋರಿಸಬೇಕು, ಅದನ್ನು ಬಿಟ್ಟು ಬರೀ ಲೇಸರ್ ಹೊಡೆದರೆ ಬಂದೇ ಬರುತ್ತದೆ ಎಂದರು. ಮೂಲೆಯಲ್ಲಿ ನಿಂತಿದ್ದ ಬಿಳಿ ಕೋಟಿನ ಹುಡುಗಿಗೆ, ಇದನ್ನೆಲ್ಲ ಕೇಳಲಿಲ್ಲವೇ ಎಂದರು. ಕೇಳಬೇಕು ಅಂತ ಯಾರೂ ಹೇಳಿರಲಿಲ್ಲ ಸಾರ್ ಎಂದಳು. ಅವರು ಮತ್ತೆ ಅವಳ ಕಡೆ ನೋಡಲಿಲ್ಲ.

"ನಾನಿದ್ದಿದ್ರೆ ಈ ಮುಖಕ್ಕೆ ಮಷಿನ್ ಮುಟ್ಟಿಸ್ತಾನೇ ಇರ್ಲಿಲ್ಲಮ್ಮ."

"ಇರ್ಬೇಕಾಗಿತ್ತಲ್ಲ ಸಾರ್," ಎಂದೆ. "ಅದ್ಕೇ ತಾನೇ ನಾವು ಮೆಟ್ಲು ಅತ್ತಿದ್ದು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನಾಲ್ಕು ಊರು ನೋಡಬೇಕು ಎಂದೇನೋ ಹೇಳಿದರು. ಆ ಮೂರು ಪ್ರಶ್ನೆ ಕೇಳುವುದಕ್ಕೆ ಹಿಡಿದದ್ದು ಎರಡು ನಿಮಿಷ. ಆ ಎರಡು ನಿಮಿಷಕ್ಕಾಗಿ ನಾವು ಎಷ್ಟು ಸಲ ಬಂದು ಹೋಗಿದ್ದೆವು. ಮಗಳು ಅದೊಂದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಇದು ಹೋಗುತ್ತದಾ ಸಾರ್ ಎಂದಳು. ಬಹಳ ಮಟ್ಟಿಗೆ ಹೋಗುತ್ತದೆ, ನಿಧಾನ, ಪೂರ್ತಿ ಹೋಗುತ್ತದೆ ಎಂದು ನಾನು ಮಾತು ಕೊಡಲಾರೆ ಎಂದರು. ಬಿಸಿಲಿಗೆ ಮುಖ ಒಡ್ಡಬಾರದು, ಆ ಕ್ರೀಮನ್ನು ತಾವು ಹೇಳಿದ ಹಾಗೆ ಕಡಿಮೆ ಮಾಡುತ್ತ ಬಿಡಬೇಕು, ಈಗ ಲೇಸರ್ ಸುದ್ದಿಗೇ ಹೋಗಬಾರದು. ಅವತ್ತು ಎರಡನೇ ಸಿಟ್ಟಿಂಗ್ ತೆಗೆದುಕೊಂಡಿದ್ದರೆ ಎಂದು ನಾನು ಕೇಳಲು ಬಾಯಿ ತೆರೆದೆ. ಮಗಳ ಮುಖ ನೋಡಿ ಮುಚ್ಚಿಕೊಂಡೆ.

ಹೊರಗೆ ಬಂದರೆ ಮೇಜಿನ ಹೆಂಗಸು, ಉಳಿದ ಸಿಟ್ಟಿಂಗ್‌ಗಳನ್ನು ಆರು ತಿಂಗಳು ಮುಂದಕ್ಕೆ ಹಾಕಿಕೊಡುತ್ತೇನೆ, ಯಾವ ಡೇಟ್ ಬರೆಯಲಿ ಎಂದಳು. ಅವತ್ತು ಡಾಕ್ಟರು ಇರುತ್ತಾರಾ ಎಂದು ಮಗಳು ಕೇಳಿದಳು. ಡಾಕ್ಟರು ಅಲ್ಲೇ ಬಾಗಿಲಲ್ಲಿ ನಿಂತು ಬಳೆಯವರನ್ನು ಒಳಗೆ ಕರೆಯುತ್ತಿದ್ದರು. ಮೇಜಿನವಳು ಅವರ ಮುಖ ನೋಡಿದಳು. ಅವರು, ನೋಡೋಣ, ಫೋನ್ ಮಾಡ್ಕೊಂಡು ಬನ್ನಿ ಎಂದರು.

"ಡೇಟ್ ಬೇಡ ಬುಡಿ," ಎಂದು ಮಗಳು ನನಗಿಂತ ಮುಂಚೆ ಮೆಟ್ಟಿಲಿಳಿದಳು.

ಹೆಂಗಸರ ಡಾಕ್ಟರಿಗೆ ತೋರಿಸಿದೆವು. ಅವರು ಕೊಟ್ಟ ಮಾತ್ರೆ ನಡೆಯುತ್ತಿದೆ. ದಾರ ಎಳೆಸುವುದು ನಿಂತಿಲ್ಲ, ಹದಿನೈದು ದಿನಕ್ಕೊಮ್ಮೆಗೆ ಬಂದಿದೆ. ಶಾಲೆಗೆ ಕೊಡೆ ಹಿಡಿದುಕೊಂಡು ಹೋಗಿಬರುತ್ತಾಳೆ. ನಾಲ್ಕು ಗುರುತಿನಲ್ಲಿ ಎರಡು ಮಾಸಿವೆ, ಒಂದು ಮಾಸುವ ಹಾಗೆ ಕಾಣುತ್ತದೆ, ಕಿವಿಯ ಕೆಳಗಿನದು ಹಾಗೇ ಇದೆ. ಬೆಳಿಗ್ಗೆ ಕಾಫಿ ಕೊಡುವ ನೆಪದಲ್ಲಿ ಬಗ್ಗಿ ನೋಡುತ್ತೇನೆ. ಅವಳು ಲೋಟ ತೆಗೆದುಕೊಳ್ಳುವ ಮೊದಲೇ ಎಡಗೆನ್ನೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ನೋಡ್ಕೊ, ಮುಗೀತಾ ಇವತ್ತಿಂದು ಎನ್ನುತ್ತಾಳೆ.