ಟಿಕ್ ಅಂದ ಮೇಲೆ ಎಳೆಯಬಾರದು

ಟಾರ್ಕ್ ರೆಂಚಿನ ಪೆಟ್ಟಿಗೆ ತೆರೆದರೆ ನನಗೆ ಸೀನು ಬರುತ್ತದೆ. ಇವತ್ತು ಬೆಳಿಗ್ಗೆಯೂ ಬಂತು, ಒಂದರ ಹಿಂದೆ ಒಂದು. ರೆಂಚಿನದೇನೂ ತಪ್ಪಿಲ್ಲ. ಪೆಟ್ಟಿಗೆಯಲ್ಲಿ ಅದರ ಪಕ್ಕಕ್ಕಿರುವ ಖಾಲಿ ಗುಳಿಯಲ್ಲಿ ನಮ್ಮ ದೊಡ್ಡಪ್ಪ ನಶ್ಯದ ಡಬ್ಬಿ ಇಡುತ್ತಿದ್ದರು. ಡಬ್ಬಿ ಈಗಿಲ್ಲ, ದೊಡ್ಡಪ್ಪನೂ ಹೋಗಿ ಎರಡು ಮಳೆಗಾಲ ಕಳೆದವು, ನಶ್ಯದ ವಾಸನೆ ಮಾತ್ರ ಜಾಗ ಖಾಲಿ ಮಾಡಿಲ್ಲ. ಬೋಲ್ಟನ್ನು ಇಷ್ಟೇ ಬಿಗಿ ಮಾಡು, ಹೆಚ್ಚು ಬೇಡ ಎಂದು ಹೇಳುವ ಇಂಥ ಶಿಸ್ತಿನ ಸಾಮಾನಿನ ಮಗ್ಗುಲಲ್ಲಿ ನಶ್ಯ ಮಲಗಿಸುವ ಮನುಷ್ಯ ಎಂಥವರಿರಬಹುದು ಎಂದು ನೀವು ಕೇಳಿದರೆ, ಬನ್ನಿ, ಕಣದ ಕಟ್ಟೆಯ ಮೇಲೆ ಕೂತುಕೊಳ್ಳಿ. ಬ್ರೇಕ್ ಪ್ಯಾಡ್ ಬದಲಿಸುತ್ತಲೇ ಹೇಳುತ್ತೇನೆ.

ಕಣ ಎಂದರೆ ಕಾಫಿ ಒಣಗಿಸುವ ಕಣ. ನಮ್ಮ ಹೆಗ್ಗದ್ದೆ ಕಡೆ ಸಮತಟ್ಟಾದ ನೆಲ ಎಂದು ಹೇಳಿಕೊಳ್ಳಲು ಮನೆಗೊಂದರಂತೆ ಇರುವುದು ಅದಷ್ಟೇ. ಬೇರೆಲ್ಲಿ ಜಾಕಿ ಕೊಟ್ಟರೂ ಕಾರು ತಾನೇ ತೋಟ ನೋಡಿಕೊಂಡು ಬರಲು ಹೊರಟುಬಿಡುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಬ್ರೇಕ್ ಕೆಲಸಕ್ಕೂ ಒಂದು ಕಾಲ ಉಂಟು: ಮಳೆ ನಿಂತ ಮೇಲೆ, ಹಣ್ಣು ಕುಯ್ಯಲು ಶುರುವಾಗುವ ಮೊದಲು. ಕುಯ್ಲು ಶುರುವಾದರೆ ಕಣ ದೊಡ್ಡಮ್ಮನ ಆಳ್ವಿಕೆಗೆ ಹೋಗುತ್ತದೆ. ಆಗ ಅಲ್ಲಿ ಒಂದು ಹನಿ ಗ್ರೀಸ್ ಬಿದ್ದರೂ ಬೀಳಿಸಿದವರ ತಟ್ಟೆಗೆ ತುಪ್ಪ ಬೀಳುವುದಿಲ್ಲ.

ನಮ್ಮದು ಒಟ್ಟು ಕುಟುಂಬ. ಅಪ್ಪನಿಗೆ ತೋಟ, ದೊಡ್ಡಪ್ಪನಿಗೆ ಯಂತ್ರ ಎಂದು ಯಾರೂ ಹೇಳದೆಯೇ ಪಾಲಾಗಿತ್ತು. ಬ್ರೇಕ್ ಕೆಲಸ ಮುಗಿದ ಮಾರನೆಯ ದಿನ ಮಾರನಹಳ್ಳಿ ದಾಟಿ, ಘಾಟಿ ಇಳಿದು ಸುಬ್ರಹ್ಮಣ್ಯಕ್ಕೆ ಹೋಗಿಬರುವುದು ಪದ್ಧತಿ. ಬೋಲ್ಟು ಬಿಗಿ ಮಾಡಿದವರೇ ಆವತ್ತು ಕಾರು ಬಿಡಬೇಕು ಎನ್ನುವುದು ದೊಡ್ಡಪ್ಪನೇ ಮಾಡಿದ ಕಾನೂನು. ಅವರ ಪಕ್ಕದ ಸೀಟು ದೊಡ್ಡಮ್ಮನದು. ಮಡಿಲಲ್ಲಿ ಬುತ್ತಿ, ಬುತ್ತಿಯ ಮೇಲೆ ಎಳೆ ಬಿದಿರಿನ ಕಳಲೆ ಉಪ್ಪಿನಕಾಯಿಯ ಬಾಟಲಿ. ಕಾರು ಇನ್ನೂ ಕಣದ ಮೇಲೆಯೇ ಇರುವಾಗ ದೊಡ್ಡಮ್ಮ ಹೇಳುವರು:

"ನಿಧಾನ ಕಣ್ರೀ, ಇಳಿಜಾರು."

ಕಣದ ಮೇಲೆ ಎಲ್ಲಿಯ ಇಳಿಜಾರು! ಆದರೂ ದೊಡ್ಡಪ್ಪ ಅಷ್ಟೇ ಗಂಭೀರವಾಗಿ "ಗೊತ್ತೈತೆ ಕಣೇ" ಎನ್ನುವರು. ಇಷ್ಟಾದ ಮೇಲೆಯೇ ನಮ್ಮ ಕಾರು ಗೇಟು ದಾಟುತ್ತಿದ್ದುದು.

ದೊಡ್ಡಪ್ಪನ ಲೆಕ್ಕದಲ್ಲಿ ಬಿಗಿ ಎಂದರೆ ಪೂರ್ತಿ ಬಿಗಿ. ನಡುವೆ ಬೇರೆ ದರ್ಜೆಗಳು ಇರಲಿಲ್ಲ. ಅವರು ನಿಲ್ಲಿಸಿದ ನಲ್ಲಿಯನ್ನು ತಿರುಗಿಸಲು ಅವರನ್ನೇ ಕರೆಯಬೇಕಿತ್ತು. ಉಪ್ಪಿನಕಾಯಿ ಬಾಟಲಿಯ ಮುಚ್ಚಳವನ್ನು ಅವರು ಮುಚ್ಚಿದರೆಂದರೆ ಮುಗಿಯಿತು, ಊಟಕ್ಕೆ ಕೂತವರೆಲ್ಲ ಅವರು ಸ್ನಾನ ಮುಗಿಸಿ ಬರುವವರೆಗೆ ಸಪ್ಪೆ ಅನ್ನ ಉಣ್ಣುತ್ತಿದ್ದೆವು. ತೋಟಕ್ಕೆ ನೀರು ಹಾರಿಸುವ ಪಂಪಿನ ಬೋಲ್ಟುಗಳನ್ನು ಬಿಗಿ ಮಾಡಲು ಸ್ಪ್ಯಾನರಿನ ತುದಿಗೆ ಸ್ಪ್ರಿಂಕ್ಲರಿನ ಕಬ್ಬಿಣದ ಪೈಪು ಸಿಕ್ಕಿಸಿ ಅದರ ಮೇಲೆ ಕೂತುಬಿಡುವುದು ನಮ್ಮ ಕಡೆಯ ಎಲ್ಲ ಗಂಡಸರೂ ಬಲ್ಲ ವಿದ್ಯೆ. ಪಂಪಿಗೆ ಅದು ನಡೆಯುತ್ತದೆ. ದೊಡ್ಡಪ್ಪ ಅದೇ ಪೈಪನ್ನು ಕಾರಿಗೂ ತಂದರು.

ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಅಮುಕಿ ನಿಲ್ಲಿಸುವ ಹಿಡಿ ಇದೆಯಲ್ಲ, ಕ್ಯಾಲಿಪರ್, ಅದರ ಬೋಲ್ಟುಗಳು ನೋಡಲು ಪಾಪದವು. ಕೆಲಸ ದೊಡ್ಡದು, ಮೈ ಸಣ್ಣದು. ಸಡಿಲ ಬಿಟ್ಟರೆ ಘಾಟಿಯಲ್ಲಿ ಕಳಚಿಕೊಳ್ಳುತ್ತವೆ, ಪೈಪು ಹಾಕಿ ಕೂತರೆ ಅಲ್ಲೇ ಪ್ರಾಣ ಬಿಡುತ್ತವೆ. ಒಂದು ವರ್ಷ ಹಾಗೇ ಆಯಿತು. ಫಟ್ ಎಂದು ಸದ್ದು ಬಂತು, ದೊಡ್ಡಪ್ಪ ಪೈಪಿನ ಸಮೇತ ಕೆಳಗೆ ಕೂತಿದ್ದರು, ಬೋಲ್ಟಿನ ತಲೆ ದೊಡ್ಡಮ್ಮನ ಕಾಲ ಬಳಿಗೆ ಉರುಳಿ ಬಂತು. ಒಳಗೆ ಮುರಿದು ನಿಂತ ಅರ್ಧವನ್ನು ತೆಗೆಸಿ, ಬೇರೆ ಬೋಲ್ಟು ಬರುವಷ್ಟರಲ್ಲಿ ಹಣ್ಣು ಕುಯ್ಲು ಶುರುವಾಯಿತು. ಒಂದು ಕಾಲಿಲ್ಲದ ಕಾರು ಕಣದ ನಟ್ಟನಡುವೆ ಕಲ್ಲಿನ ಮೇಲೆ ನಿಂತಿತ್ತು. ದೊಡ್ಡಮ್ಮ ಅದರ ಸುತ್ತಲೂ ಕಾಫಿ ಹರವಿದರು. ಬಂದವರೆಲ್ಲ ಕಾರಿಗೆ ಏನಾಗಿದೆ ಎಂದು ಕೇಳಿದರೆ, "ಒಣಗಕ್ಕೆ ಹಾಕೈತೆ" ಎನ್ನುವರು.

"ಬಿಗಿಯಾಗಿದ್ರೆ ಒಳ್ಳೇದು ಅಂತ ಅಲ್ವೇನೇ ಮಾಡಿದ್ದು? ಘಾಟೀಲಿ ಬಿಚ್ಕಂಡ್ರೆ ಏನ್ ಮಾಡ್ತಿದ್ದೆ?" ಎಂದು ದೊಡ್ಡಪ್ಪ ಗೊಣಗಿದರು.

"ಘಾಟಿವರ್ಗೂ ಹೋದ್ರೆ ತಾನೇ ಬಿಚ್ಕಳಾದು, ಮಾರಾಯ್ರೇ."

ಇದೆಲ್ಲ ಅವರ ಗಟ್ಟಿಗಾಲದ ಕತೆ. ಅವರಿಗೆ ವಯಸ್ಸಾದ ಮೇಲೆ ಒಂದು ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ದೊಡ್ಡಮ್ಮ ಉಪ್ಪಿನಕಾಯಿ ಬಾಟಲಿ ಎತ್ತಿಕೊಂಡು, ಅಭ್ಯಾಸದಂತೆ ದೊಡ್ಡಪ್ಪನ ಕಡೆ ಚಾಚುವ ಮೊದಲು ಸುಮ್ಮನೆ ಮುಚ್ಚಳ ತಿರುಗಿಸಿದರು. ಅದು ತೆರೆದುಕೊಂಡಿತು. ಹಿಂದಿನ ರಾತ್ರಿ ಅದನ್ನು ಮುಚ್ಚಿದ್ದವರು ದೊಡ್ಡಪ್ಪ. ದೊಡ್ಡಮ್ಮ ಎಲ್ಲರಿಗೂ ಬಡಿಸಿದರು. ತಾವು ಮಾತ್ರ ಹಾಕಿಕೊಳ್ಳಲಿಲ್ಲ.

ಆ ವರ್ಷ ಮಳೆ ನಿಂತು ದೊಡ್ಡಪ್ಪ ಜಾಕಿ ಹುಡುಕುತ್ತಿದ್ದಾಗ ದೊಡ್ಡಮ್ಮ ಬಾಗಿಲಲ್ಲಿ ನಿಂತು ಹೇಳಿದರು: "ಈ ಸಲ ಸಕಲೇಶಪುರದಾಗೆ ಗ್ಯಾರೇಜಿಗೆ ಕೊಟ್ಬುಡಾನ ಕಣ್ರೀ."

"ಯಾಕೆ? ನಂಗೇನಾಗೈತೆ?"

"ಏನೂ ಆಗಿಲ್ಲ. ನೀವ್ ಬಿಗಿ ಮಾಡಿದ್ರೆ ನಾನು ಕಾರಲ್ಲಿ ಕೂರಲ್ಲ ಅಷ್ಟೇ."

ದೊಡ್ಡಪ್ಪನ ಮುಖ ಬಾಡಿಹೋಯಿತು. ಗ್ಯಾರೇಜಿನವರು ಬಿಗಿ ಮಾಡಿದರೆ ಅವರದೇ ಕಾನೂನಿನಂತೆ ಅವರು ಕಾರು ಬಿಡುವ ಹಾಗಿಲ್ಲ. ತಾವೇ ಬಿಗಿ ಮಾಡಿದರೆ ಪಕ್ಕದ ಸೀಟು ಖಾಲಿ. ಮದುವೆಯಾದಾಗಿನಿಂದ ಆ ಸೀಟು ಖಾಲಿಯಾಗಿ ಘಾಟಿ ಇಳಿದದ್ದಿಲ್ಲ. ಜಾಕಿಯನ್ನು ಅಲ್ಲೇ ಬಿಟ್ಟು, ಕಣದ ತುದಿಗೆ ಹೋಗಿ ನಶ್ಯ ಏರಿಸುತ್ತ ಕೂತರು. ನನಗೆ ತಡೆಯಲಾಗಲಿಲ್ಲ.

ಈಗ ಮನೆಯ ಹೆಣ್ಣುಮಗಳಾದ ನನ್ನ ಪ್ರವೇಶ. ಆಲೂರಿನ ಕಚೇರಿಯೊಂದರಲ್ಲಿ ಕೆಲಸ ಮಾಡುವ ನನಗೆ ಅಲ್ಲಿಯವರೆಗೆ ಕಾರಿನ ಬಗ್ಗೆ ಹಾರ್ನ್ ಎಲ್ಲಿದೆ ಎನ್ನುವುದು ಚೆನ್ನಾಗಿ ಗೊತ್ತಿತ್ತು. ಆದರೆ ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ, ಅರ್ಧ ಮೆಕ್ಯಾನಿಕ್ ಆದೆನೆಂಬ ಹಮ್ಮು ಬಂದು, ಒಂದು ಟಾರ್ಕ್ ರೆಂಚು ತರಿಸಿದೆ. ಹಿಡಿಯ ಮೇಲೆ ಅಳತೆ ಇಟ್ಟು ತಿರುಗಿಸಿದರೆ ಬೇಕಾದಷ್ಟು ಬಿಗಿಯಾದ ಕೂಡಲೇ ಟಿಕ್ ಎನ್ನುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಮೊದಲ ಸಲ ನಾನು ಅದನ್ನು ಉಲ್ಟಾ ಹಿಡಿದು ಬಹಳ ಹೊತ್ತು ಬೋಲ್ಟು ಬಿಚ್ಚುತ್ತಿದ್ದೆ, ಅದು ಬೇರೆ ಮಾತು.

"ದೊಡ್ಡಪ್ಪ, ನೀವೇ ಬಿಗಿ ಮಾಡಿ. ನಾನು ಇದ್ರಲ್ಲಿ ನೋಡ್ತೀನಿ" ಎಂದೆ.

ಪ್ಯಾಡ್ ಬದಲಿಸಿ, ಬೋಲ್ಟಿನ ಸುರುಳಿ ಗೀರುಗಳನ್ನು ಒರೆಸಿ, ದೊಡ್ಡಪ್ಪ ಬರೀ ಸ್ಪ್ಯಾನರ್ ಹಿಡಿದು ಎಳೆದರು. ಪೈಪು ತರಲಿಲ್ಲ, ತಂದಿದ್ದರೂ ಅದರ ಮೇಲೆ ಕೂತು ಏಳುವ ಶಕ್ತಿ ಇರಲಿಲ್ಲ. ಕತ್ತಿನ ನರ ಉಬ್ಬಿತು. "ಇಷ್ಟೇ ಕಣ್ ಮಗ, ನನ್ ಕೈಲಿ ಆಗಾದು" ಎಂದು ಸ್ಪ್ಯಾನರ್ ಕೆಳಗಿಟ್ಟರು. ಆ ಮಾತು ಅವರ ಬಾಯಲ್ಲಿ ನಾನು ಅದೇ ಮೊದಲು ಕೇಳಿದ್ದು. ಕಾರಿನ ಪುಸ್ತಕದಲ್ಲಿದ್ದ ಅಳತೆ ಇಟ್ಟು ರೆಂಚ್ ಕೊಟ್ಟು ಎಳೆದೆ. ಬೋಲ್ಟು ಕೂದಲೆಳೆಯಷ್ಟು ಅಲುಗಿತು.

ಟಿಕ್.

"ಏನಂತೆ ಅದು?" ದೊಡ್ಡಪ್ಪ ಕೇಳಿದರು.

"ಸರಿಯಾಗಿದೆಯಂತೆ. ಇಷ್ಟೇ ಬೇಕಾದ್ದು."

ದೊಡ್ಡಪ್ಪ ನಂಬಲಿಲ್ಲ. ಇನ್ನೊಂದು ಬೋಲ್ಟು ಬಿಗಿ ಮಾಡಿದರು, ಅದಕ್ಕೂ ಹಾಗೆಯೇ. ಆಚೆ ಚಕ್ರಕ್ಕೂ ಹಾಗೆಯೇ. ಪ್ರಾಯದಲ್ಲಿ ಬೋಲ್ಟು ಮುರಿಯುತ್ತಿದ್ದ ಕೈ, ಮುಪ್ಪಿನಲ್ಲಿ ಸೋತು ಸೋತು ನೆಟ್ಟಗೆ ಪುಸ್ತಕದ ಅಳತೆಗೆ ಬಂದು ನಿಂತಿತ್ತು! ಅವರು ಕಣದ ಮೇಲೆ ಕಾಲು ಚಾಚಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಕೇಳ್ದೇನೇ? ನನ್ ಶಕ್ತಿ ಈಗ ಸರೀಗೈತಂತೆ!"

ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದ ದೊಡ್ಡಮ್ಮ ಕಿವಿ ಮಾತ್ರ ಇತ್ತಲೇ ಇಟ್ಟಿದ್ದರು. "ಸಾಕು ಅಂತ ನಾನು ಹೇಳ್ದಾಗೆಲ್ಲ ಕೇಳ್ಲಿಲ್ಲ. ಈಗ ಒಂದು ಕಬ್ಬಿಣ ಹೇಳ್ಬೇಕಾಯ್ತು" ಎಂದರು. ದೊಡ್ಡಪ್ಪ ಬ್ರೇಕನ್ನು ಹತ್ತಾರು ಸಲ ಒತ್ತಿ ನೋಡಿ, ಗೇಟಿನವರೆಗೆ ಹೋಗಿ ನಿಲ್ಲಿಸಿ ಬಂದರು. ಮಾರನೆಯ ಬೆಳಿಗ್ಗೆ ಮುಂದಿನ ಸೀಟಿನಲ್ಲಿ ದೊಡ್ಡಮ್ಮ, ಮಡಿಲಲ್ಲಿ ಬುತ್ತಿ, ಬುತ್ತಿಯ ಮೇಲೆ ಬಾಟಲಿ. ರೆಂಚಿನ ಪೆಟ್ಟಿಗೆಯೊಳಗೆ ನಶ್ಯದ ಡಬ್ಬಿ ಬಂದದ್ದೂ ಆವತ್ತಿನಿಂದಲೇ.

ದೊಡ್ಡಪ್ಪ ಹೋದ ಮೇಲೆ ಬ್ರೇಕ್ ಕೆಲಸ ನನ್ನ ಪಾಲಿಗೆ ಬಂತು, ಕಾನೂನಿನಂತೆ ಕಾರೂ ಬಂತು. ದೊಡ್ಡಮ್ಮ ಮಾತ್ರ ಹಿಂದಿನ ಸೀಟಿಗೆ ಹೋದರು. ಕೇಳಿದರೆ ಮುಂದೆ ಗಾಳಿ ಬಡಿಯುತ್ತದೆ ಎನ್ನುವರು. ಗಾಜು ಏರಿಸಬಹುದು ಎಂದು ನಾನೂ ಹೇಳಲಿಲ್ಲ. ಆ ಖಾಲಿ ಸೀಟಿನ ಪಕ್ಕ ಕೂತು ಘಾಟಿ ಇಳಿಯುವುದು ಕಷ್ಟ ಎಂದು ಗೊತ್ತಾದ ಮೇಲೆ ದೊಡ್ಡಪ್ಪನ ಆವತ್ತಿನ ಮುಖ ನನಗೆ ಇನ್ನಷ್ಟು ಅರ್ಥವಾಯಿತು. ಹೆದರಿಕೆಯೂ ಇತ್ತು. ಹೋದ ವರ್ಷ ಟಿಕ್ ಎಂದ ಮೇಲೂ ಇರಲಿ ಎಂದು ಇನ್ನೊಂದು ಸಲ ಎಳೆಯಲು ಕೈ ಹೋಗಿ, ಕಷ್ಟಪಟ್ಟು ಹಿಂದೆ ತೆಗೆದಿದ್ದೆ.

ನೋಡಿ, ಮಾತಿನಲ್ಲೇ ಕೆಲಸ ಮುಗಿಯುತ್ತ ಬಂತು. ಇದು ಕೊನೆಯ ಬೋಲ್ಟು. ಟಿಕ್. ಕೈ ತಾನಾಗಿಯೇ ನಿಂತಿತು. ರೆಂಚನ್ನು ಪೆಟ್ಟಿಗೆಯಲ್ಲಿಟ್ಟು ಇನ್ನೊಮ್ಮೆ ಸೀನಿದೆ. ಚಕ್ರ ಹಾಕಿ, ಜಾಕಿ ಇಳಿಸಿ, ಗೇಟಿನವರೆಗೆ ಹೋಗಿ ನೋಡಿ ಬರೋಣವೆಂದು ಕಾರಿಗೆ ಹತ್ತಿ ಬ್ರೇಕ್ ಒತ್ತುತ್ತಿದ್ದೆ. ಅತ್ತಲಿನ ಬಾಗಿಲು ತೆರೆಯಿತು, ಮುಂದಿನದು. ದೊಡ್ಡಮ್ಮ ಸೆರಗು ಒಳಗೆಳೆದುಕೊಂಡು ಕೂತರು. ಗೇರ್ ಹಾಕಿದೆ.

"ನಿಧಾನ ಕಣೇ, ಇಳಿಜಾರು" ಎಂದರು.

ಮುಂದೆ ಕಣ ಹಲಗೆಯಂತೆ ಮಟ್ಟಸವಾಗಿ ಬಿದ್ದಿತ್ತು.

"ಗೊತ್ತೈತೆ ಕಣ್ ದೊಡ್ಡಮ್ಮ" ಎಂದೆ.