ಅಕ್ಷರದಲ್ಲಿ ನನಗೆ ಹದಿನೇಳು

ಮೊನ್ನೆ ಮೊಮ್ಮಗಳು ಇಂಗ್ಲಿಷ್ ಪ್ರಬಂಧ ಬರೆಯುತ್ತಾ, "ಐದು ಮಂದಿ ಅಂತ ಬರೆಯುವಾಗ ಅಂಕಿ ಹಾಕುದಾ, ಅಕ್ಷರದಲ್ಲಿ ಬರೆಯುದಾ?" ಎಂದು ಕೇಳಿದಳು.

"ಹತ್ತರವರೆಗೆ ಅಕ್ಷರ, ಅದರ ಮೇಲೆ ಅಂಕಿ. ವಾಕ್ಯದ ಮೊದಲಿಗೆ ಬಂದರೆ ಮಾತ್ರ ಎಷ್ಟು ದೊಡ್ಡದಿದ್ದರೂ ಅಕ್ಷರವೇ" ಎಂದೆ. ಶಾಲೆಯಲ್ಲಿ ಮೂವತ್ತೊಂಬತ್ತು ವರ್ಷ ಹೇಳಿದ ಪಾಠ. ಅವಳು ಮುಖ ಸಿಂಡರಿಸಿ, "ಎಂತಕ್ಕೆ ಇದೆಲ್ಲ?" ಎಂದಳು. ಎಂತಕ್ಕೆಂದು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ನರಿಮೊಗರಿನಿಂದ ಪುತ್ತೂರಿನ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದ ಬ್ಯಾರಿ ಮುಸ್ಲಿಂ ಹುಡುಗಿ ನಾನೊಬ್ಬಳೇ. ನಮ್ಮ ಇಂಗ್ಲಿಷ್ ಮಾಸ್ಟ್ರಿಗೆ ಅಂಕಿಗಳ ಮೇಲೆ ವಿಪರೀತ ಗುಮಾನಿ. "ಒಂದನ್ನು ಏಳು ಮಾಡಲಿಕ್ಕೆ ಒಂದು ಗೀಟು ಸಾಕು ಮಾರಾಯ್ರೆ! ಅದಕ್ಕೇ ಮುಖ್ಯ ಕಾಗದದಲ್ಲಿ ಅಕ್ಷರದಲ್ಲೂ ಬರೆಯುದು. ಎರಡೂ ಬೇರೆ ಬೇರೆ ಇದ್ದರೆ ಅಕ್ಷರ ಹೇಳಿದ್ದೇ ಸರಿ" ಎನ್ನುತ್ತಿದ್ದರು. ವಾಕ್ಯದ ಮೊದಲಿಗೇ ಅಂಕಿ ಬರೆದು ಬೆಂಚಿನ ಮೇಲೆ ನಿಂತವರಲ್ಲಿ ನಾನೇ ಮೊದಲಿಗಳು.

ಎಸ್ಸೆಸ್ಸೆಲ್ಸಿ ಪಾಸಾದೆ. ಸಂತೆಯಲ್ಲಿ ಒಣಮೀನು ಮಾರುತ್ತಿದ್ದ ಬಾಪ, ಅಂದರೆ ನನ್ನ ತಂದೆ, ಒಂದೇ ಮಾತು ಹೇಳಿದರು: "ಈ ವರ್ಷ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿದರೆ ಹೋಗು. ಇಲ್ಲದಿದ್ದರೆ ಸುಳ್ಯದವರಿಗೆ ಹೂಂ ಅನ್ನುತ್ತೇನೆ." ಸುಳ್ಯದವರೆಂದರೆ ನನ್ನನ್ನು ಮದುವೆಗೆ ಕೇಳಿದ್ದ ಮನೆಯವರು.

ಬಾಪನ ಜೊತೆ ಟ್ರೈನಿಂಗ್ ಶಾಲೆಗೆ ಹೋದೆ. ಅಲ್ಲಿನ ಗುಮಾಸ್ತರು ನನ್ನ ಸರ್ಟಿಫಿಕೇಟನ್ನು ಹಿಂದಕ್ಕೆ ತಳ್ಳಿದರು. "ಹದಿನೇಳು ತುಂಬಿರಬೇಕು. ನಿನಗೆ ಹದಿನೈದು."

ಬಗ್ಗಿ ನೋಡಿದೆ. ಹುಟ್ಟಿದ ಇಸವಿ ಅಂಕಿಯಲ್ಲಿ 1948. ಕೆಳಗೆ ಅಕ್ಷರದಲ್ಲಿ ನೈನ್‌ಟೀನ್ ಫಾರ್ಟಿ ಸಿಕ್ಸ್. ಬರೆದವರ ಕೈ ಎಲ್ಲೋ ತಪ್ಪಿತ್ತು. ಯಾವುದು ಸರಿಯೆಂದು ನನಗೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಹುಟ್ಟಿದ ದಿನ ಬರೆದಿಡುವ ಕ್ರಮವಿರಲಿಲ್ಲ. ಬಾಪ ಆಗಲೇ ಕೊಡೆ ಎತ್ತಿಕೊಂಡಿದ್ದರು. ನಾನು ಕದಲಲಿಲ್ಲ.

"ಸಾರ್, ಅಕ್ಷರ ಓದಿ."

"ಅಂಕಿ ಕಾಣುದಿಲ್ವಾ ನಿನಗೆ?"

"ಕಾಣ್ತದೆ. ಆದರೆ ಎರಡೂ ಬೇರೆ ಇದ್ದರೆ ಅಕ್ಷರವೇ ಸರಿ. ಅಲ್ಲ ಅಂತ ನೀವು ಬರೆದು ಕೊಡಿ, ಹೋಗ್ತೇನೆ."

ಗದ್ದಲ ಕೇಳಿ ಒಳಗಿನಿಂದ ಹೆಡ್‌ಮಿಸ್ಟ್ರೆಸ್ ಬಂದರು. ಕಾಗದವನ್ನು ಎರಡು ಸಲ ಓದಿದರು. ನನ್ನನ್ನೂ ಒಮ್ಮೆ ಓದಿದರು. "ಹುಡುಗಿ ಹೇಳುದು ಸರಿ ಉಂಟು. ಹೆಸರು ಬರೆದುಕೊಳ್ಳಿ" ಎಂದರು.

ಹಿಂದೆ ಬರುವಾಗ ಬಸ್ಸಿನಲ್ಲಿ ಬಾಪ ನನ್ನ ಕಿವಿಯ ಬಳಿ ಬಗ್ಗಿ, "ಅಂಕಿಯೇ ಸರಿ ಮಗಳೇ. ನೀನು ಹುಟ್ಟಿದ್ದು ನಲವತ್ತೆಂಟರಲ್ಲಿ" ಎಂದರು.

"ಮತ್ತೆ ಅಲ್ಲಿ ಯಾಕೆ ಹೇಳಲಿಲ್ಲ?"

"ನನಗೆ ಇಂಗ್ಲಿಷ್ ಎಲ್ಲಿ ಬರ್ತದೆ?" ಎಂದು ಕಿಟಕಿಯ ಹೊರಗೆ ನೋಡತೊಡಗಿದರು.

ಗೊತ್ತಾದ ಮೇಲೂ ನಾನು ಅದನ್ನು ತಿದ್ದಿಸಲಿಲ್ಲ. ಎರಡು ವರ್ಷ ಮೊದಲೇ ನಿವೃತ್ತಿಯಾಗಿ ಅದರ ಬೆಲೆಯನ್ನೂ ತೆತ್ತೆ. ನಾಚಿಕೆಯ ಸಂಗತಿಯೆಂದು ಇಷ್ಟು ಕಾಲ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಮೊಮ್ಮಗಳು ಪೆನ್ನು ಕೆಳಗಿಟ್ಟು, "ಹಾಗಾದರೆ ಅದು ಸುಳ್ಳಲ್ವಾ?" ಎಂದಳು.

ನಾಚಿಕೆಗಾಗಿ ಒಳಗೆಲ್ಲ ತಡಕಿದೆ. ಎಲ್ಲಿಯೂ ಸಿಕ್ಕಲಿಲ್ಲ.

"ಸುಳ್ಳೇ" ಎಂದೆ. "ಬೇಕಾದರೆ ನಾಳೆಯೂ ಹೇಳ್ತೇನೆ."