ಮಡಿಲಿಲ್ಲದ ದೇವಿಗೆ ಉಡಿ

ನನ್ನ ಕೈಯ ಹೂವಿನ ಕೆಲಸವನ್ನು ಜಮಖಂಡಿಯ ಮದುವೆಗಳಲ್ಲಿ ನೋಡಿದವರಿದ್ದಾರೆ, ಮುಧೋಳದಲ್ಲಿ ನೋಡಿ ಮೆಚ್ಚಿದವರಿದ್ದಾರೆ. ಮದುಮಗಳ ಹಿಂದೆ ಹೂವಿನ ನವಿಲನ್ನು ನಿಲ್ಲಿಸುವುದು, ಬಾಗಿಲ ಮೇಲೆ ಹೂವಿನ ಗಿಳಿ ಕೂರಿಸುವುದು ನನಗೆ ನೀರು ಕುಡಿದಷ್ಟು ಸುಲಭ. ಹೀಗಿದ್ದೂ ನಮ್ಮ ಮನೆಯ ಹಬ್ಬದ ಹೂವನ್ನು ಮಾತ್ರ ಒಂಬತ್ತು ವರ್ಷ ಹಿತ್ತಲಲ್ಲಿ, ಬಾಗಿಲು ಹಾಕಿಕೊಂಡು, ಅಂಗೈಯಗಲ ಜೋಡಿಸಿ ಮುಗಿಸಿಬಿಡುತ್ತಿದ್ದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಗಂಡ ಛೇಡಿಸುತ್ತಿದ್ದ.

ನಾನು ತೆಲಂಗಾಣದವಳು. ಮಗ್ಗದ ಕೆಲಸ ಹುಡುಕಿಕೊಂಡು ಗಂಡ ಬನಹಟ್ಟಿಗೆ ಬಂದ, ಅವನ ಹಿಂದೆ ನಾನು ಬಂದೆ. ಬಂದ ವರ್ಷವೇ ಕನ್ನಡ ಕಲಿತೆ, ಎರಡನೆಯ ವರ್ಷಕ್ಕೆ ರೊಟ್ಟಿ ಬಡಿಯಲು ಕಲಿತೆ. ಕಲಿಯಲಾಗದೆ ಉಳಿದದ್ದು ಒಂದೇ, ಒಬ್ಬಳೇ ಹಾಡುವುದು. ದಸರೆಯ ಹೊತ್ತಿಗೆ ನಮ್ಮ ಕಡೆ ಬತುಕಮ್ಮ ಹಬ್ಬ. ಪರಾತ ಎಂಬ ಅಗಲ ತಟ್ಟೆಯಲ್ಲಿ ಕುಂಬಳದ ಎಲೆ ಹಾಸಿ ಅದರ ಮೇಲೆ ಹೂವನ್ನು ಸುತ್ತುಸುತ್ತಾಗಿ ಪೇರಿಸುತ್ತೇವೆ. ಕೆಳಗೆ ಅಗಲ, ಮೇಲೆ ಹೋದಂತೆ ಚೂಪು, ತುದಿಗೆ ಅರಿಸಿನದ ಗೌರಿ. ಆ ಹೂವಿನ ಗೋಪುರವೇ ದೇವಿ. ಅದನ್ನು ನಡುವೆ ಇಟ್ಟು ಹೆಂಗಸರು ಚಪ್ಪಾಳೆ ತಟ್ಟುತ್ತ ಸುತ್ತಬೇಕು. ಒಬ್ಬಳು ಸಾಲು ಎತ್ತಬೇಕು, ಉಳಿದವರು ಎದುರು ದನಿ ಕೊಡಬೇಕು. ಕೊನೆಗೆ ಹೊಳೆಗೋ ಕೆರೆಗೋ ಒಯ್ದು ಬಿಡಬೇಕು.

ತವರಿನ ನಮ್ಮ ಓಣಿಯಲ್ಲಿ ಹಾಡು ಎತ್ತುವವಳು ನಾನೇ ಆಗಿದ್ದೆ. ನನ್ನ ದನಿ ಕೇಳಿ ಮೂರು ಓಣಿಯವರು ಬರುತ್ತಿದ್ದರು ಎಂದು ಹೇಳಿಕೊಂಡರೆ ಜಂಬ ಎನ್ನುತ್ತೀರಿ, ಎನ್ನಿ. ಬನಹಟ್ಟಿಯಲ್ಲಿ ಎದುರು ದನಿಗೆ ಸಿಕ್ಕವಳು ಫೋನಿನಲ್ಲಿದ್ದ ಅಮ್ಮ ಒಬ್ಬಳೇ. ನಾನು ಇಲ್ಲಿ ಸಾಲು ಮುಗಿಸಿದರೆ ಅವಳ ದನಿ ಅಲ್ಲಿಂದ ಬರುವಷ್ಟರಲ್ಲಿ ನಾನು ಮುಂದಿನ ಸಾಲಿನ ನಡುವೆ ಇರುತ್ತಿದ್ದೆ. ಇಬ್ಬರೂ ಜಗಳಾಡಿ ಫೋನ್ ಇಡುತ್ತಿದ್ದೆವು. ಒಂಬತ್ತನೆಯ ವರ್ಷ ಅಮ್ಮನೇ ಬೇಸತ್ತು ಹೇಳಿದಳು: "ಬರುವ ವರ್ಷ ನಾಲ್ಕು ಹೆಂಗಸರನ್ನು ಕರೆದು ಮಾಡು. ಯಾರೂ ಬರದಿದ್ದರೆ ಅಲ್ಲಿಗೆ ಬಿಟ್ಟುಬಿಡು. ದೇವರಿಗೂ ನಾಚಿಕೆ ಆಗುತ್ತದೆ."

ಬಿಟ್ಟುಬಿಡು ಎಂದ ಮಾತು ಎದೆಗೆ ನಾಟಿತು. ಅದು ಬಿಟ್ಟರೆ ನನ್ನಲ್ಲಿ ನನ್ನ ಊರಿನದು ಅಂತ ಉಳಿಯುವುದಾದರೂ ಏನು ಎಂದು ವರ್ಷವೆಲ್ಲ ಯೋಚಿಸಿದೆ. ಹತ್ತನೆಯ ವರ್ಷ ಧೈರ್ಯ ಮಾಡಿ ಎದುರು ಮನೆಯ ಆಯಿಯ ಕಟ್ಟೆಗೆ ಹೋದೆ. ಎಪ್ಪತ್ತು ದಾಟಿದ ಮುದುಕಿ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಓಣಿಯ ತುಂಬ ಅವಳದೇ ದರ್ಬಾರು.

"ಹೂವಿನ ದೇವ್ರಾ? ಬರ್ತೀವಿ ತಗೋ. ಎಷ್ಟ್ ಮಂದಿ ಬೇಕು?"

"ನಾಕ್ ಮಂದಿ ಬಂದ್ರ ಸಾಕ್ರೀ ಆಯಿ."

"ನಾಕ್ ಮಂದಿ ಬೇಕಾಗೋದು ಹೊತ್ಕೊಂಡ್ ಹೋಗಾಕ. ಹಾಡಾಕ ಓಣಿಗೆ ಓಣೀನ ಬರ್ತೈತಿ" ಎಂದಳು.

ಬೀಳಗಿಯ ದಾರಿಯ ಕಲ್ಲುನೆಲದಲ್ಲಿ ತಂಗಡಿ ಗಿಡ ಬೇಕಾದಷ್ಟಿದೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ, ಈ ಗಿಡವನ್ನು ಆಡು ಮುಟ್ಟಿದ್ದನ್ನು ನಾನಂತೂ ಕಂಡಿಲ್ಲ. ಅದರ ಹಳದಿ ಹೂವಿಲ್ಲದೆ ನಮ್ಮ ದೇವಿ ಇಲ್ಲ. ಗಂಡನ ಬೈಕಿನಲ್ಲಿ ಹೋಗಿ ಎರಡು ಚೀಲ ಕೊಯ್ದು ತಂದೆ. ಜಮಖಂಡಿಯ ಸಂತೆಯಿಂದ ಚೆಂಡು ಹೂ, ಸೇವಂತಿಗೆ ಬಂತು. ಹಬ್ಬದ ಕೊನೆಯ ದಿನ ಬೆಳಗಿನಿಂದ ಕೂತು ನನ್ನ ಸೊಂಟದೆತ್ತರ ಕಟ್ಟಿದೆ. ಹತ್ತು ವರ್ಷದ ಸಿಟ್ಟನ್ನೆಲ್ಲ ಒಂದರ ಮೇಲೊಂದು ಪೇರಿಸಿದಂತಿತ್ತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಂಗಳಕ್ಕೆ ತಂದಿಟ್ಟು, ಅಮ್ಮ ನೋಡಲೆಂದು ವಿಡಿಯೊ ಕಾಲ್ ಹಚ್ಚಿ ಫೋನನ್ನು ಕಿಟಕಿಗೆ ಆನಿಸಿ, ಸೀರೆ ಬದಲಿಸಲು ಒಳಗೆ ಹೋದೆ. ಅಷ್ಟರಲ್ಲಿ ಓಣಿಯ ಹೆಂಗಸರು ಬಂದರು.

ಮುಂದಿನದನ್ನು ಅಮ್ಮ ಹೇಳಿಯೇ ನನಗೆ ಗೊತ್ತು. ಬಂದವರ ಕೈಯಲ್ಲೆಲ್ಲ ಉಡಿಯ ಸಾಮಾನು: ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಬಟ್ಟೆಯ ಕಣ. ಹೆಣ್ಣುಮಗಳನ್ನು ಬರಿಯ ಉಡಿಯಲ್ಲಿ ಕಳಿಸುವ ಪದ್ಧತಿ ಈ ಸೀಮೆಯಲ್ಲಿಲ್ಲ. ತವರಿಗೆ ಬಂದ ಮಗಳಾದರೂ ಸರಿ, ಗುಡಿಯಲ್ಲಿ ಕೂತ ದೇವಿಯಾದರೂ ಸರಿ, ಮಡಿಲು ತುಂಬಿಯೇ ತೀರಬೇಕು. ತೊಡಕು ಬಂದದ್ದು ಒಂದೇ ಕಡೆ.

"ಈಕೀಗಿ ಮಡಲ ಎಲ್ಲೈತಿಬೇ?" ಎಂದು ಒಬ್ಬಳು ಕೇಳಿದಳಂತೆ.

ಎಲ್ಲರೂ ಸುತ್ತು ಹಾಕಿ ನೋಡಿದರಂತೆ. ತುದಿಯಲ್ಲಿ ಗೌರಿ ಅಂದಮೇಲೆ ಅದು ತಲೆ, ಹಾಗಾದರೆ ನಡುವಿನದು ಹೊಟ್ಟೆ, ಅದರ ಕೆಳಗಿನದು ಮಡಿಲು ಎಂದು ಆಯಿ ತೀರ್ಪು ಕೊಟ್ಟಳು. ಐದು ಜನ ಮುತ್ತೈದೆಯರು ಕಣದಲ್ಲಿ ಅಕ್ಕಿ, ಕಾಯಿ ಕಟ್ಟಿ ಹೂವಿನ ಸಾಲಿನೊಳಗೆ ತುರುಕತೊಡಗಿದರು. ಗೋಪುರದ ಒಳಗಿರುವುದು ಬರೀ ಎಲೆಯ ಚೂರು ಎಂದು ಬಲ್ಲವಳು ಅಮ್ಮ ಒಬ್ಬಳೇ. ಫೋನಿನೊಳಗಿಂದ ಅವಳು ಎರಡೂ ಕೈ ಎತ್ತಿ ಬೇಡ ಬೇಡ ಎಂದು ತೆಲುಗಿನಲ್ಲಿ ಬಡಕೊಂಡಳು. ಬೀಗತಿಗೆ ಎಷ್ಟು ಭಕ್ತಿ ನೋಡು ಎಂದುಕೊಂಡು ಇವರೂ ಫೋನಿಗೆ ಕೈ ಮುಗಿದು ಕೆಲಸ ಮುಂದುವರಿಸಿದರು. ನಾಲ್ಕನೆಯ ಕಾಯಿಯವರೆಗೆ ದೇವಿ ತಡೆದುಕೊಂಡಳು. ಐದನೆಯದಕ್ಕೆ ಕುಸಿದು ಕೂತುಬಿಟ್ಟಳು.

ನಾನು ಹೊರಗೆ ಬಂದಾಗ ಅಂಗಳವೆಲ್ಲ ಹೂವು, ನಡುವೆ ಉರುಳಾಡುವ ಐದು ತೆಂಗಿನಕಾಯಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನನ್ನ ಮೂಗಿನ ತುದಿಯಲ್ಲಿ ಸದಾ ಕೂತಿರುವ ಸಿಟ್ಟು ಹಾರಿ ಹೊರಗೆ ಬಂತು. "ನಿಮಗ ಯಾರ್ ಹೇಳಿದ್ರಿ ಮುಟ್ಟಾಕ? ನಮ್ಮ ದೇವ್ರನ್ನ ನಮಗ ಬಿಡ್ರಿ. ನಿಮಗ ಇದ್ರಾಗಿಂದು ಏನ್ ತಿಳೀತೈತಿ?" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹದಿನೈದು ಇಪ್ಪತ್ತು ಹೆಂಗಸರು ಚೆಲ್ಲಿದ ಹೂವಿನಿಂದ ಹಿಂದೆ ಸರಿದರು. ಎಲ್ಲರೂ ಮನೆಗೆ ಹೋಗುತ್ತಾರೆ, ನನ್ನ ಹಬ್ಬ ಇವತ್ತಿಗೆ ಮುಗಿಯಿತು ಎಂದು ನನಗೆ ಖಾತ್ರಿಯಾಯಿತು.

ಯಾರೂ ಹೋಗಲಿಲ್ಲ. ಆಯಿ ಮೊಣಕಾಲು ಹಿಡಿದುಕೊಂಡು ನೆಲಕ್ಕೆ ಕೂತಳು. ಹಳದಿ ಒಂದು ಕಡೆ, ಕೆಂಪು ಒಂದು ಕಡೆ ಆರಿಸಿಡುತ್ತ ಸಣ್ಣ ದನಿಯಲ್ಲಿ ತನ್ನದೇ ಒಂದು ಹಾಡು ತೆಗೆದಳು. ಹೂ ಕೊಯ್ಯಲು ಹೋದ ಅಕ್ಕತಂಗಿಯರ ಹಾಡು. ಉಳಿದವರೂ ಕೂತು ಆರಿಸುತ್ತ ಹಿಂದಿನಿಂದ ದನಿ ಕೊಟ್ಟರು. ಹಿಂದಿನ ಮನೆಯ ಮುಸ್ಲಿಂ ಅಕ್ಕ ಓಡಿಹೋಗಿ ತನ್ನ ಹಿತ್ತಲಿನ ಗುಲಾಬಿಯನ್ನೆಲ್ಲ ಸೆರಗಿನಲ್ಲಿ ತಂದು ಸುರಿದು, ತಾನೂ ಕೂತಳು. ಅವಳಿಗೂ ಆ ಹಾಡು ಬರುತ್ತಿತ್ತು.

ಬಾರದೆ ಇದ್ದವಳು ನಾನೊಬ್ಬಳೇ. ನಿಂತಲ್ಲೇ ನನಗೆ ಅದು ಹೊಳೆದು ಮುಖ ಬಿಸಿಯಾಯಿತು. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವನನ್ನು ಕೂರಿಸಿ ಈ ಹೆಂಗಸರು ಹಾಡುತ್ತಾರೆ, ಶೀಗಿ ಹುಣ್ಣಿಮೆಗೂ ಹಾಡುತ್ತಾರೆ. ಪ್ರತಿ ಸಲವೂ ಆಯಿ ನನ್ನ ಬಾಗಿಲಿಗೆ ಬಂದು ಕರೆದಿದ್ದಾಳೆ. ಪ್ರತಿ ಸಲವೂ ಮಗ್ಗದ ಕಂಡಿಕೆಗೆ ನೂಲು ಸುತ್ತುವುದಿದೆ, ನೂಲು ಮುಗಿಸುವುದಿದೆ ಎಂದು ನಾನು ನೆಪ ಹೇಳಿದ್ದೇನೆ. ಹಾಡು ಎತ್ತಿ ರೂಢಿಯಾದವಳು ಇನ್ನೊಬ್ಬರ ಹಿಂದೆ ಹಾಡುವುದೆ ಎಂಬ ಸೊಕ್ಕು, ಬೇರೇನೂ ಅಲ್ಲ. ನನ್ನ ಹಾಡಿಗೆ ದನಿ ಕೊಡುವವರಿಲ್ಲ ಎಂದು ಒಂಬತ್ತು ವರ್ಷ ಗೊಣಗಿದವಳು ಅವರ ಹಾಡಿಗೆ ಒಂದು ದಿನವೂ ದನಿ ಕೊಟ್ಟಿರಲಿಲ್ಲ.

ನಾನೂ ಕೂತೆ. ಮೊದಲು ಹೂ ಕೊಟ್ಟವರಿಂದ ಹೂ ಇಸಿದುಕೊಂಡೆ, ಆಮೇಲೆ ಹಾಡಿನ ಬಾಲ ಹಿಡಿದೆ. ಎರಡು ಕಡೆ ತಪ್ಪಿದೆ. ಪಕ್ಕದವಳು ನನ್ನ ತೊಡೆ ತಟ್ಟಿ ತಾಳ ತಿದ್ದಿದಳು. ಗೋಪುರ ಮತ್ತೆ ಎದ್ದಾಗ ಮೊದಲಿನ ಅರ್ಧದಷ್ಟಿತ್ತು, ಸ್ವಲ್ಪ ವಾಲಿತ್ತು. ಈ ಸಲ ಉಡಿಯನ್ನು ಪರಾತದ ಅಂಚಿಗೆ ಸುತ್ತಲೂ ಇಟ್ಟೆವು. ಅಮ್ಮ ಫೋನಿನಿಂದ, ಹಾಂ, ಈಗ ಸರಿ ಎಂದಳು.

ಬೆಳಕಿರುವಾಗಲೇ ಟಂಟಂ ಗಾಡಿಯಲ್ಲಿ ದೇವಿಯನ್ನು ಕೂರಿಸಿಕೊಂಡು ಕೃಷ್ಣಾ ಹೊಳೆಗೆ ಹೋದೆವು. ದಂಡೆಯ ಮೇಲೆ ಪರಾತ ಇಳಿಸಿ ಎಲ್ಲರೂ ಸುತ್ತ ನಿಂತರು. ಹಾಡು ಎತ್ತಬೇಕಾದ ನಾನು ಆಯಿಯ ಹತ್ತಿರ ಹೋಗಿ, "ಇಷ್ಟ್ ವರ್ಷ ನೀವು ಕರದ್ರಿ ಆಯಿ, ನಾ ಬರ್ಲಿಲ್ಲ. ಇವತ್ತ ಬಾಯಿಗೆ ಬಂದಂಗ ಅಂದೆ. ಯಾವ ಮಾರಿ ಇಟ್ಕೊಂಡ್ ಹಾಡ್ಲಿ?" ಎಂದೆ.

"ಬರ್ಲಿಲ್ಲ ಅಂತ ನಾವ್ ಕರಿಯೂದು ಬಿಟ್ಟೇವೇನ?" ಎಂದಳು ಆಯಿ. "ನೀ ಕರಿಯೂದನ್ನ ಕಾಯಾಕತ್ತಿದ್ವಿ. ಒಂದ ಸಲ ಕರದಿ, ಓಣಿಗೆ ಓಣೀನ ಬಂದೈತಿ ನೋಡು. ಎತ್ತು ಇನ್ನ."

ನಾನು ಅಳುತ್ತಲೇ ಎತ್ತಿದೆ. ಅವರಿಗೆ ನನ್ನ ಭಾಷೆಯ ಒಂದು ಪದವೂ ತಿಳಿಯುತ್ತಿರಲಿಲ್ಲ. ಮೊದಲ ಸಾಲು ಮುಗಿದದ್ದೇ ತಡ, ಇಪ್ಪತ್ತು ದನಿ ತಿರುಗಿ ಬಂತು.